ಮನೆ ಖಾಲಿ ಮಾಡುವ ಮುನ್ನ: ಅಡ್ವಾನ್ಸ್ ಕೈತಪ್ಪದಂತೆ ತೊಳೆಯುವುದು ಹೇಗೆ?

ಪ್ರಶ್ನೆ: ಮೂರು ವರ್ಷ ಇದ್ದ ಬಾಡಿಗೆ ಮನೆಯನ್ನು ತಿಂಗಳ ಕೊನೆಗೆ ಬಿಡುತ್ತಿದ್ದೇವೆ. ಬೋರ್‌ವೆಲ್ ನೀರಿನಿಂದ ಬಚ್ಚಲಿನ ಟೈಲ್ಸ್, ನಲ್ಲಿ ಎಲ್ಲ ಬೆಳ್ಳಗೆ ಕಲೆಗಟ್ಟಿವೆ. ಆ್ಯಸಿಡ್ ಹಾಕಿ ಉಜ್ಜಬಹುದೇ?
– ಓದುಗರು, ಬೆಂಗಳೂರು

ಉತ್ತರ: ಬೇಡ. ಆ ಬಿಳಿ ಪದರ ಕೊಳೆಯಲ್ಲ, ಗಡಸು ನೀರು ಆರಿದ ಮೇಲೆ ಉಳಿಯುವ ಸುಣ್ಣದಂಶ. ಅದು ಸೋಪಿಗೆ ಜಗ್ಗುವುದಿಲ್ಲ, ಹುಳಿಗೆ ಕರಗುತ್ತದೆ. ಆದರೆ ಬಾಟಲಿ ಆ್ಯಸಿಡ್ ತೀರಾ ತೀಕ್ಷ್ಣ. ಕಲೆಯ ಜೊತೆಗೆ ಟೈಲ್ಸ್ ಸಂದಿಯ ಸಿಮೆಂಟನ್ನೂ ತಿನ್ನುತ್ತದೆ, ನಲ್ಲಿಯ ಹೊಳಪು ಎದ್ದುಹೋಗುತ್ತದೆ. ಕಲೆ ಹಾಗೇ ಉಳಿದರೆ ಮಾಲೀಕರು ತೊಳೆಸುವ ಕೂಲಿ ಹಿಡಿದಾರು. ನಲ್ಲಿ ಕೆಡಿಸಿದರೆ ಹೊಸ ನಲ್ಲಿಯ ದುಡ್ಡೇ ಹಿಡಿಯುತ್ತಾರೆ.

ದಿನಸಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆ್ಯಸಿಡ್ ಹರಳು) ಸಾಕು. 1 ಲೀಟರ್ ಬಿಸಿನೀರಿಗೆ 50 ಗ್ರಾಂ ಕರಗಿಸಿ. ಗೋಡೆಯ ಮೇಲೆ ಸುಮ್ಮನೆ ಎರಚಿದರೆ ಇಳಿದುಹೋಗುತ್ತದೆ. ಹಳೇ ಹತ್ತಿ ಬಟ್ಟೆಯನ್ನು ಅದರಲ್ಲಿ ಅದ್ದಿ ಟೈಲ್ಸಿಗೆ ಅಂಟಿಸಿ 20 ನಿಮಿಷ ಬಿಡಿ, ಆರಲು ಬಿಡಬೇಡಿ. ಆಮೇಲೆ ಪ್ಲಾಸ್ಟಿಕ್ ಬ್ರಷ್‌ನಿಂದ ಉಜ್ಜಿ ಧಾರಾಳ ನೀರು ಹುಯ್ಯಿರಿ. ದಪ್ಪ ಪದರಕ್ಕೆ ಎರಡು ಮೂರು ಸಲ ಬೇಕಾಗುತ್ತದೆ. ಸ್ಟೀಲ್ ನಾರು ಮುಟ್ಟಲೇಬೇಡಿ, ಅದರ ಗೀರುಗಳಲ್ಲಿ ಕಲೆ ಇನ್ನೂ ಬೇಗ ಕೂರುತ್ತದೆ. ನಲ್ಲಿಗೆ 10 ನಿಮಿಷಕ್ಕಿಂತ ಹೆಚ್ಚು ಸುತ್ತಿಡಬಾರದು. ನಲ್ಲಿಯ ಬಾಯಲ್ಲಿರುವ ಜಾಲರಿಯನ್ನು ತಿರುಗಿಸಿ ಬಿಚ್ಚಿ ಅದೇ ನೀರಲ್ಲಿ ನೆನೆಹಾಕಿ. ನೀರು ಸಣ್ಣಗೆ ಬರುತ್ತಿದ್ದರೆ ಅಲ್ಲೇ ಕಟ್ಟಿರುತ್ತದೆ. ಕಮೋಡಿನ ತಳದ ಗೆರೆಗೆ, ಒಳಗಿನ ನೀರನ್ನು ಆದಷ್ಟು ಹೊರಹಾಕಿ, ಈ ದ್ರಾವಣ ತುಂಬಿ ರಾತ್ರಿಯಿಡೀ ಬಿಡಿ.

ಮೊದಲು ನೆಲ ಯಾವುದೆಂದು ನೋಡಿಕೊಳ್ಳಿ. ಮಾರ್ಬಲ್, ಕಡಪ, ಮೊಸಾಯಿಕ್ ಆದರೆ ನಿಂಬೆರಸವೂ ಸೋಕಬಾರದು. ಆ ಕಲ್ಲುಗಳಲ್ಲೇ ಸುಣ್ಣದಂಶವಿದೆ. ಹುಳಿ ಬಿದ್ದ ಕಡೆ ಪಾಲಿಶ್ ಹೋಗಿ ಮಂಕು ಮಚ್ಚೆ ಉಳಿಯುತ್ತದೆ, ಅದಕ್ಕೆ ಮೆಷಿನ್ ಪಾಲಿಶ್ ಬಿಟ್ಟರೆ ದಾರಿಯಿಲ್ಲ. ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ: ಆ್ಯಸಿಡ್ ಆಗಲಿ ನಿಂಬೆ ಉಪ್ಪಾಗಲಿ, ಬ್ಲೀಚಿಂಗ್ ಪೌಡರ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಲ್ಲಿ ಅದು ಪ್ರಾಣಕ್ಕೇ ಅಪಾಯ. ಎರಡನ್ನೂ ಬೇರೆ ಬೇರೆ ದಿನ ಬಳಸಿ.

ಪ್ರಶ್ನೆ: ಚಿಮಣಿ ಫಿಲ್ಟರ್ ಜಿಡ್ಡುಗಟ್ಟಿದೆ. ವಾಷಿಂಗ್ ಸೋಡಾ ಹಾಕಿದ್ದಕ್ಕೆ ಒಂದು ಕಪ್ಪಾಗಿಹೋಯಿತು. ಯಾಕೆ?
– ಓದುಗರು, ಮೈಸೂರು

ಉತ್ತರ: ಅದು ಅಲ್ಯೂಮಿನಿಯಂ ಜಾಲರಿ ಇರಬೇಕು. ಸೋಡಾದ ಕ್ಷಾರ ಅಲ್ಯೂಮಿನಿಯಂ ಅನ್ನು ಕಪ್ಪಾಗಿಸುತ್ತದೆ, ತೊಳೆದರೆ ಹೋಗುವ ಬಣ್ಣವಲ್ಲ. ಮಿಕ್ಕವನ್ನು ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿದ ಬಿಸಿನೀರಲ್ಲಷ್ಟೇ ನೆನೆಸಿ. ಪಟ್ಟಿಪಟ್ಟಿಯಾಗಿರುವ ಸ್ಟೀಲ್ ಫಿಲ್ಟರ್ ಆದರೆ 5 ಲೀಟರ್ ಬಿಸಿನೀರಿಗೆ ನಾಲ್ಕು ಚಮಚ ವಾಷಿಂಗ್ ಸೋಡಾ ಹಾಕಿ ಅರ್ಧ ಗಂಟೆ ಬಿಡಬಹುದು, ಕೈಗೆ ಗ್ಲೌಸ್ ಇರಲಿ. ಕಪಾಟಿನ ಬಾಗಿಲಿಗೆ ಹಿಂಡಿದ ಬಟ್ಟೆ ಮಾತ್ರ. ಅಂಚಿಗೆ ನೀರಿಳಿದರೆ ಊದಿಕೊಳ್ಳುತ್ತದೆ.

ಪ್ರಶ್ನೆ: ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಹಿಡಿಯುವುದಾಗಿ ಅಗ್ರಿಮೆಂಟಿನಲ್ಲಿದೆ. ಮೊಳೆ ತೂತುಗಳನ್ನೂ ನಾವೇ ಮುಚ್ಚಬೇಕೆ?
– ಓದುಗರು, ಹುಬ್ಬಳ್ಳಿ

ಉತ್ತರ: ಪೇಂಟಿಂಗಿಗೆ ಹಣ ಹಿಡಿಯುವುದು ಖಚಿತವಾದರೆ ಬಣ್ಣಕ್ಕೆ ನೀವು ಒಂದು ರೂಪಾಯಿಯೂ ಹಾಕಬೇಡಿ. ತೇಪೆ ಬಳಿದ ಜಾಗ ಹಳೇ ಗೋಡೆಯಲ್ಲಿ ಎದ್ದು ಕಾಣುತ್ತದೆ, ಅದೇ ಹೊಸ ತಕರಾರು. ತೂತು ಮುಚ್ಚುವುದು ಒಳ್ಳೆಯದು, ಖರ್ಚೂ ಕಡಿಮೆ. ಮೊಳೆಯನ್ನು ಇಕ್ಕಳದಲ್ಲಿ ತಿರುಗಿಸುತ್ತಾ ಎಳೆಯಿರಿ, ಮೀಟಿದರೆ ಪ್ಲಾಸ್ಟರ್ ಚಕ್ಕೆ ಬರುತ್ತದೆ. ತೂತನ್ನು ಸ್ವಲ್ಪ ಒದ್ದೆ ಮಾಡಿ ವಾಲ್ ಪುಟ್ಟಿ ತುಂಬಿ. ಒಣ ಗೋಡೆ ಪುಟ್ಟಿಯ ನೀರು ಹೀರಿದರೆ ಬಿರುಕು ಬಿಡುತ್ತದೆ. ಆಳದ ತೂತಿಗೆ ಎರಡು ಸಲ ತುಂಬಿ. ಪೂರ್ತಿ ಒಣಗಿದ ಮೇಲೆ 180 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿ. ಟೂತ್‌ಪೇಸ್ಟ್ ತುಂಬುವ ಉಪಾಯ ಬೇಡ, ಒಣಗಿ ಕುಗ್ಗಿ ಉದುರುತ್ತದೆ.

ಮಾಲೀಕರೊಡನೆ ಮಾತಾಡುವಾಗ ನೆರವಾಗುವ ವಿಷಯವೊಂದಿದೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಗೋಡೆಗೆ ಸುಣ್ಣ ಹೊಡೆಸುವುದು, ಕಿಟಕಿ ಬಾಗಿಲಿನ ಬಣ್ಣ, ವೈರಿಂಗ್ ಮಾಲೀಕರ ಹೊಣೆ ಎನ್ನುತ್ತದೆ. ನಲ್ಲಿಯ ವಾಷರ್, ಚರಂಡಿ ಶುಚಿ, ಸ್ವಿಚ್, ಬೀಗದ ರಿಪೇರಿ ಬಾಡಿಗೆದಾರರ ಪಾಲು. ಇದು ಮಾದರಿಯಷ್ಟೇ, ರಾಜ್ಯ ಒಪ್ಪಿಕೊಂಡರೆ ಮಾತ್ರ ಕಾನೂನು. ನಿಮ್ಮಲ್ಲಿ ಸಹಿ ಹಾಕಿದ ಅಗ್ರಿಮೆಂಟೇ ಮೊದಲು. ಆದರೂ ಯಾವುದು ಯಾರ ಕೆಲಸ ಎನ್ನುವ ಚರ್ಚೆಗೆ ಒಳ್ಳೆ ಅಳತೆಗೋಲು.

ಖಾಲಿ ಮಾಡುವ ಹತ್ತು ದಿನ ಮೊದಲೇ ಮಾಲೀಕರನ್ನು ಕರೆದು ಮನೆ ತೋರಿಸಿ, ಅವರು ಹೇಳಿದ್ದನ್ನು ಬರೆದುಕೊಂಡು ಅವರಿಗೇ ವಾಟ್ಸ್‌ಆ್ಯಪ್ ಮಾಡಿ. ಸಾಮಾನು ಸಾಗಿಸಿ ಒರೆಸಿದ ಮೇಲೆ, ಹಗಲು ಬೆಳಕಲ್ಲಿ ಪ್ರತಿ ಕೋಣೆ, ನಲ್ಲಿ, ಸಿಂಕಿನ ಕೆಳಭಾಗ, ಕರೆಂಟ್ ಮೀಟರಿನ ಅಂಕಿ ಎಲ್ಲದರ ಫೋಟೊ ತೆಗೆಯಿರಿ. ಬೀಗದ ಕೈ ಎಷ್ಟು ಕೊಟ್ಟಿರೆಂದು ಎಣಿಸಿ ಬರೆಸಿಕೊಳ್ಳಿ. ಕಡಿತ ಏನಾದರೂ ಇದ್ದರೆ ಬಾಬ್ತುವಾರು ಚೀಟಿ ಕೇಳಿ ಪಡೆಯಿರಿ.