ರಾತ್ರಿ ಸಾಯದವ ಒಂದೇ ಸಲ ಉಳೀಲಿ

ಮಾಫಿಯಾ ಆಟದಾಗ ಗುಟ್ಟಾಗಿರೂ ಮಾಫಿಯಾದವರು ರಾತ್ರಿಗೊಬ್ಬ ಊರವನನ್ನ ಕೊಲ್ತಾರ, ಹಗಲು ಎಲ್ಲಾರೂ ಮತ ಹಾಕಿ ಒಬ್ಬನನ್ನ ಹೊರಗ ಹಾಕ್ತಾರ. ನಿಮ್ಮ ಆಟದಾಗ ಒಂಬತ್ತು ಮಂದಿ, ಇಬ್ಬರು ಮಾಫಿಯಾ, ಊರವರಾಗ ರಾತ್ರಿ ಕೊಂದ್ರೂ ಸಾಯದವ ಒಬ್ಬ. ಯಾವಾಗ್ಲೂ ಊರವರೇ ಗೆಲ್ತಾರ, ಏನ್ ಮಾಡ್ಲಿ ಅಂತ ಕೇಳೀರಿ. ಪಾತ್ರ ತೆಗೀಬ್ಯಾಡ್ರಿ, ಒಂದೇ ಸಲ ಉಳಿಯೂ ಹಂಗ ಮಾಡ್ರಿ.

ಲೆಕ್ಕ ನೋಡ್ರಿ. ಹಗಲಿಗೊಬ್ಬ, ರಾತ್ರಿಗೊಬ್ಬ ಹೋದ್ರ 9, 7, 5. ಮೂರನೇ ಹಗಲೂ ಊರವನನ್ನೇ ಹೊರಗ ಹಾಕಿದ್ರ ಊರವರು–ಮಾಫಿಯಾ 2–2 ಸಮ, ಮಾಫಿಯಾ ಗೆದ್ದು ಆಟ ಮುಗೀತು. ನಡುವ ಒಂದು ರಾತ್ರಿ ಯಾರೂ ಸಾಯದೆ ಖಾಲಿ ಹೋದ್ರೂ ಮೂರನೇ ತಪ್ಪಿಗೆ 3–2, ಆ ರಾತ್ರಿ ಮತ್ತೊಬ್ಬ ಹೋಗಿ 2–2; ಊರು ಉಳಿಯಂಗಿಲ್ಲ. ಎರಡು ರಾತ್ರಿ ಖಾಲಿ ಹೋದ್ರ ಉಳೀತದ. ನಿಮ್ಮ ಆಟ ವಾಲೂದು ಇಲ್ಲೇ.

ಅದಕ್ಕಿಂತ ದೊಡ್ಡ ತ್ರಾಸ ಬ್ಯಾರೆ ಅದ. ಕಲಬುರಗಿ ಬ್ಯಾಸಗ್ಯಾಗ ಕರೆಂಟ್ ಹೋದಾಗ ನಾವು ಮಾಳಿಗಿ ಮ್ಯಾಲ ಆಡ್ತೀವಿ. ಬೆಳಗಾತು, "ಯಾರೂ ಸತ್ತಿಲ್ಲ" ಅಂತ ಆಟ ನಡಸಾಂವ ಅಂದ ಕೂಡ್ಲೇ ನಮ್ಮ ಕಾಕಾ ಬಾಯಾಗ ಮಿರ್ಚಿ ಭಜಿ ಇಟ್ಕೊಂಡೇ "ನಂಗೇ ಬಂದಿದ್ರು!" ಅಂತ ಒದರಿದ. ಅವ ಪಕ್ಕಾ ಊರವ ಅಂತ ಎಲ್ಲಾರಿಗೂ ಗೊತ್ತಾತು, ಮುಂದ ಎಲ್ಲಾ ಅವ ಹೇಳಿದಂಗೇ. ಅದಕ್ಕ ಮಾಫಿಯಾ ಬೇಕಂತಲೇ ಒಂದು ರಾತ್ರಿ ಸುಮ್ನಿರಬಹುದು ಅನ್ನೂ ನಿಯಮ ಇಡ್ರಿ; ಆಗ ಅದೇ ಮಾತು ಅವರೂ ಸುಳ್ಳೇ ಒದರಬಹುದು.

ಪೂರ್ತಿ ಸಾಯದವನೇ ಬೇಕಂದ್ರ, ಸಮ ಆದ್ರ ಮಾಫಿಯಾ ಗೆದ್ದಂಗ ಅಂತ ಮೊದಲೇ ಹೇಳ್ರಿ. ಇಲ್ಲಾಂದ್ರ ಕೊನೀಗೆ ಸಾಯದವ ಒಬ್ಬ, ಕೊಲ್ಲಾಂವ ಒಬ್ಬ, ಮಾರಿ ಮಾರಿ ನೋಡ್ಕೋತ ಕೂಡ್ತಾರ.