ಮುಟ್ಟು ನಿಲ್ಲುವ ಕಾಲದ ತೊಂದರೆ ಅಕ್ಕನಿಗೆ ಇರಲಿಲ್ಲ, ನನಗೇಕೆ? ಮನಸ್ಸು ಗಟ್ಟಿಯಿಲ್ಲದ್ದೇ ಕಾರಣವೇ?

ಖಂಡಿತ ಅಲ್ಲ. 47ರ ನಿಮ್ಮ ಬೆವರು, ಸಿಡುಕು, ಎದೆಯ ಡವಡವ ಓದುತ್ತಿದ್ದರೆ ಆರು ವರ್ಷಗಳ ಹಿಂದಿನ ನಾನೇ ಕಣ್ಣ ಮುಂದೆ ಬಂದೆ.

ನನಗಾಗ 46. ನಿದ್ದೆ ಹತ್ತುವಷ್ಟರಲ್ಲಿ ಎದೆಯಿಂದ ಹೊರಟ ಬಿಸಿ ಕತ್ತು, ಕೆನ್ನೆ, ಕಿವಿಗೆ ಏರುತ್ತಿತ್ತು. ಎರಡು ಮೂರು ನಿಮಿಷ. ಆಮೇಲೆ ಬೆವರು, ಅದರ ಬೆನ್ನಿಗೇ ಚಳಿ. ದಿಂಬು ಮಗುಚಿ ಒಣಗಿದ ಬದಿಗೆ ತಲೆಯಿಡುವುದು ನಿತ್ಯದ ಕೆಲಸವಾಗಿತ್ತು. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಏರಿಳಿದು ಕುಸಿಯುವಾಗ ಮೈಯ ಶಾಖ ನೋಡಿಕೊಳ್ಳುವ ಮಿದುಳಿನ ಭಾಗ ತೀರಾ ಸೂಕ್ಷ್ಮವಾಗಿ, ತುಸು ಬಿಸಿಗೂ ಬೆವರಿಸಿಬಿಡುತ್ತದೆ. ಮನಸ್ಸಿನ ಗಟ್ಟಿತನ ಇದಕ್ಕೇನು ಮಾಡೀತು?

ನಾನು ಮಾಡಿದ ತಪ್ಪೇ ಬೇರೆ. ಮೈಯಲ್ಲಿ ಆದದ್ದಕ್ಕೆಲ್ಲ ‘ನಿಲ್ಲುವ ಕಾಲ’ ಎಂಬ ಒಂದೇ ಹೆಸರು ಕೊಟ್ಟೆ. ಮುಟ್ಟು ಹತ್ತು ದಿನ ಹೋಗುತ್ತಿತ್ತು. ಗಂಟೆಗೊಂದು ಪ್ಯಾಡ್, ಹೆಪ್ಪುಹೆಪ್ಪಾಗಿ ರಕ್ತ. ನಿಲ್ಲುವ ಮುಂಚೆ ಹೀಗೆಯೇ, ಹೋಗಿಬಿಡಲಿ ಎಂದೆ. ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ ವಯಸ್ಸು ಎಂದೆ. ಎದೆ ಬಡಿದುಕೊಂಡರೆ ಬಿಸಿ ಏರುವ ಸೂಚನೆ ಎಂದುಕೊಂಡೆ. ಬಿಸಿ ಏರದ ಹೊತ್ತಿನಲ್ಲೂ ಎದೆ ಬಡಿಯುತ್ತಿತ್ತು, ಆದರೂ ಅನುಮಾನ ಬರಲಿಲ್ಲ. ಮಲಗಿದರೆ ಕಾಲುಗಳು ಸುಮ್ಮನಿರುತ್ತಿರಲಿಲ್ಲ, ಆಡಿಸುತ್ತಲೇ ಇರಬೇಕು. ಅದೂ ಅದೇ ಲೆಕ್ಕಕ್ಕೆ ಸೇರಿತು. ಹೀಗೆ 14 ತಿಂಗಳು ಕಳೆದೆ. ಒಂದು ದಿನ ಮೆಟ್ಟಿಲ ನಡುವೆ ಕಂಬಿ ಹಿಡಿದು ಕುಳಿತವಳಿಗೆ ಏಳಲಾಗಲಿಲ್ಲ. ಹಿಮೋಗ್ಲೋಬಿನ್ 6.8 ಇತ್ತು, ಹೆಂಗಸರಿಗೆ 12ಕ್ಕಿಂತ ಇಳಿದರೇ ರಕ್ತಹೀನತೆ. ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಬೆಳೆದಿತ್ತು. ಅದನ್ನು ತೆಗೆಸಿ, ರಕ್ತನಾಳದ ಮೂಲಕ ಕಬ್ಬಿಣಾಂಶ ಕೊಟ್ಟ ಮೇಲೆ ಏದುಸಿರು, ಡವಡವ, ಕಾಲಿನ ಚಡಪಡಿಕೆ ಮೂರೂ ಹೋದವು. ಉಳಿದದ್ದು ಬಿಸಿ ಮತ್ತು ಬೆವರು ಮಾತ್ರ. ನಾನು ಹಲ್ಲು ಕಚ್ಚಿ ಸಹಿಸಿದ್ದರಲ್ಲಿ ಅರ್ಧ ಋತುಬಂಧದ್ದೇ ಅಲ್ಲ!

ಹಾಗಾಗಿ ಅಕ್ಕನ ಜೊತೆ ಹೋಲಿಕೆ ಬಿಡಿ. ಮುಟ್ಟು ನಿಲ್ಲುವ ವಯಸ್ಸು ಮನೆತನದಲ್ಲಿ ಹೋಲಬಹುದು, ಅನುಭವವೂ ಹೋಲಬೇಕೆಂದಿಲ್ಲ. ಧೂಮಪಾನ, ಹೆಚ್ಚಿದ ತೂಕ, ಹಿಂದೆ ಕಾಡಿದ ಖಿನ್ನತೆ, ಕೆಟ್ಟ ನಿದ್ದೆ ಎಲ್ಲವೂ ತೊಂದರೆಯನ್ನು ಹೆಚ್ಚಿಸಬಲ್ಲವು. ಎರಡೂ ಅಂಡಾಶಯ ತೆಗೆಸಿದವರಿಗಂತೂ ಅದು ಒಮ್ಮೆಲೇ, ಜೋರಾಗಿ ಬರುತ್ತದೆ. ಸಿಗರೇಟು ಇದ್ದರೆ ಬಿಡಿ. ಮಿಕ್ಕ ಕಾರಣಗಳನ್ನು ಹುಡುಕುತ್ತಾ ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ.

ಉಳಿದ ಬಿಸಿ, ಬೆವರಿಗೆ ಹಾರ್ಮೋನ್ ಚಿಕಿತ್ಸೆ ಎಂದರೆ ನಾನೂ ಹೆದರಿದ್ದೆ. ವಯಸ್ಸು 60ರೊಳಗಿದ್ದರೆ ಅಥವಾ ಮುಟ್ಟು ನಿಂತು 10 ವರ್ಷದೊಳಗಿದ್ದರೆ, ಆರೋಗ್ಯವಂತ ಹೆಂಗಸರಲ್ಲಿ ಸಾಮಾನ್ಯವಾಗಿ ಅಪಾಯಕ್ಕಿಂತ ಪ್ರಯೋಜನವೇ ಹೆಚ್ಚು. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರಿಗೆ ಈ ಮಾತು ಅನ್ವಯಿಸುವುದಿಲ್ಲ. ನಾನು ಚರ್ಮಕ್ಕೆ ಅಂಟಿಸುವ ಈಸ್ಟ್ರೋಜನ್ ಪ್ಯಾಚ್ ಹಚ್ಚಿಕೊಂಡೆ, ಗರ್ಭಕೋಶ ಇರುವುದರಿಂದ ಜೊತೆಗೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನಿನ ಮಾತ್ರೆ. ತಿಂಗಳೊಳಗೆ ರಾತ್ರಿಯಿಡೀ ಮಲಗಿದೆ. ಸಹಿಸಿಕೊಳ್ಳುವುದು ದೊಡ್ಡಗುಣ ಎಂದು ಹೇಳುವವರ ಮಾತನ್ನು ನಾನೀಗ ಕೇಳುವುದಿಲ್ಲ.

ನಿಮ್ಮ ಪ್ರಶ್ನೆಯ ಕೊನೆಯಲ್ಲಿ ‘ಮುಟ್ಟೂ ಸ್ವಲ್ಪ ಜಾಸ್ತಿ ಹೋಗುತ್ತದೆ, ಅದಿರಲಿ’ ಎಂದು ಬರೆದಿದ್ದೀರಿ. ದಯವಿಟ್ಟು ಅದಿರಲಿ ಎನ್ನಬೇಡಿ. ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ ಈ ವಾರವೇ ಮಾಡಿಸಿ, ಎಷ್ಟು ದಿನ ಹೋಗುತ್ತದೆ, ಎಷ್ಟು ಪ್ಯಾಡ್ ಬೇಕಾಗುತ್ತದೆ ಎಂದು ಬರೆದಿಟ್ಟುಕೊಂಡು ಸ್ತ್ರೀರೋಗ ತಜ್ಞರ ಮುಂದಿಡಿ.