ಹೊಸ ತಲೆಮಾರು ಬರುವವರೆಗೆ ಕಾದರೆ ಹಳೆಯ 718 ಕೇಮನ್ ಅಗ್ಗಕ್ಕೆ ಸಿಗುತ್ತದೆಯೇ?

ಸಕಲೇಶಪುರದ ಕಾಫಿ ಬೆಳೆಗಾರರಾದ ನೀವು ಕೇಳಿರುವುದು ಇಷ್ಟು: ಬೆಂಗಳೂರಿನಲ್ಲಿ ಮಾರಾಟಕ್ಕಿರುವ 2018ರ ಪೋರ್ಷೆ 718 ಕೇಮನ್ ನಿಮಗೆ ಹಿಡಿಸಿದೆ, ಪೆಟ್ರೋಲ್ 718ರ ತಯಾರಿಕೆ 2025ರ ಅಕ್ಟೋಬರ್‌ನಲ್ಲಿ ನಿಂತುಹೋಗಿದೆ, ಮುಂದಿನ ತಲೆಮಾರು ಬರುವವರೆಗೆ ಕಾದರೆ ಇದರ ಬೆಲೆ ಇಳಿಯುತ್ತದೆಯೇ, ಅಥವಾ ಈ ಸಲದ ಕಾಫಿ ಹಣ ಕೈಸೇರಿದ ಕೂಡಲೇ ಕೊಂಡುಬಿಡಬೇಕೇ? ನಾನು ಹದಿನಾರು ವರ್ಷಗಳಿಂದ ಚಿಕ್ಕಮಗಳೂರಿನಲ್ಲಿ ಹಳೆಯ ಕಾರುಗಳನ್ನು ಕೊಂಡು ಮಾರುತ್ತಿದ್ದೇನೆ. ನನ್ನ ಬಳಿ ಬರುವುದು ಹೆಚ್ಚಾಗಿ ಥಾರ್, ಇನ್ನೋವಾ, ಬೊಲೆರೊಗಳೇ ಆದರೂ ತೋಟದ ಮನೆಗಳಿಂದ ಆಗೊಮ್ಮೆ ಈಗೊಮ್ಮೆ ಸ್ಪೋರ್ಟ್ಸ್ ಕಾರುಗಳೂ ಬರುತ್ತವೆ, ಮತ್ತು ಎರಡೂ ಬಗೆಯ ವಾಹನಗಳಲ್ಲಿ ಬೆಲೆ ಏರಿಳಿಯುವ ರೀತಿ ಹೊರಗಿನವರು ಅಂದುಕೊಳ್ಳುವಷ್ಟು ಬೇರೆಯಾಗಿಲ್ಲ.

ಹೊಸದು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಕಾಯಬೇಡಿ ಎಂಬುದು ನನ್ನ ಉತ್ತರ. ಹಾಗೆ ಹೇಳಲು ನಮ್ಮ ಊರಿನ ಎರಡು ಅನುಭವಗಳೇ ಸಾಕು. 2020ರ ಅಕ್ಟೋಬರ್‌ನಲ್ಲಿ ಹೊಸ ಥಾರ್ ಮಾರುಕಟ್ಟೆಗೆ ಬಂದಾಗ ನನ್ನ ಬಳಿ ಎರಡು ಹಳೆಯ ಥಾರ್‌ಗಳಿದ್ದವು. ಹೊಸದರಲ್ಲಿ ಗಟ್ಟಿ ಮೇಲ್ಛಾವಣಿ, ಆಟೋಮ್ಯಾಟಿಕ್ ಗೇರ್, ಮುಂದಕ್ಕೆ ಮುಖ ಮಾಡಿದ ಹಿಂಬದಿ ಸೀಟು ಎಲ್ಲವೂ ಬಂದವು. ಹಳೆಯದರಲ್ಲಿದ್ದ ಡೀಸೆಲ್ ಎಂಜಿನ್ ಆಗಲಿ, ತೋಟದ ಏರಿಗೆ ಬೇಕಾದ ಲೋ ರೇಂಜ್ ಗೇರ್ ಆಗಲಿ ಹೋಗಲಿಲ್ಲ. ಹೀಗಾಗಿ ಹಳೆಯದನ್ನೇ ಹುಡುಕಿಕೊಂಡು ಬರುವುದಕ್ಕೆ ಯಾರಿಗೂ ಕಾರಣವಿರಲಿಲ್ಲ, ನನ್ನ ಎರಡೂ ಗಾಡಿಗಳು ನಾನು ಅಂದಾಜು ಮಾಡಿದ್ದಕ್ಕಿಂತ ಕಡಿಮೆಗೆ ಹೋದವು. ಎರಡು ವರ್ಷಗಳ ನಂತರ ಇನ್ನೋವಾ ಹೈಕ್ರಾಸ್ ಬಂದಾಗ ಆದದ್ದು ಇದಕ್ಕೆ ತೀರ ವಿರುದ್ಧ. ಅದರಲ್ಲಿ ಡೀಸೆಲ್ ಎಂಜಿನ್ನೇ ಇಲ್ಲ, ಎಂಜಿನ್ನಿನ ಬಲ ಹೋಗುವುದು ಮುಂದಿನ ಚಕ್ರಗಳಿಗೆ. ವರ್ಷಗಟ್ಟಲೆ ಡೀಸೆಲ್ ಇನ್ನೋವಾ ಓಡಿಸಿದ ಟ್ಯಾಕ್ಸಿಯವರೂ ತೋಟದವರೂ ಹಿಂದಿನ ಡೀಸೆಲ್ ಇನ್ನೋವಾ ಆದ ಹಳೆಯ ಕ್ರಿಸ್ಟಾಗಳಿಗೇ ಮುಗಿಬಿದ್ದರು, ಬೆಲೆ ಜಗ್ಗಲಿಲ್ಲ. ಹಳೆಯದರ ಬೆಲೆ ಬೀಳುವುದೋ ನಿಲ್ಲುವುದೋ ಎಂಬುದು, ಅದರಲ್ಲಿ ಜನ ಮೆಚ್ಚಿದ್ದು ಹೊಸದರಲ್ಲೂ ಉಳಿದಿದೆಯೇ ಎಂಬುದರ ಮೇಲೆ ನಿಂತಿದೆ.

ಸ್ಪೋರ್ಟ್ಸ್ ಕಾರುಗಳಲ್ಲಿ ನಡೆಯುವುದೂ ಇದೇ, ಇನ್ನಷ್ಟು ತೀವ್ರವಾಗಿ. ಏಕೆಂದರೆ ಅವುಗಳನ್ನು ಕೊಳ್ಳುವವರು ಎಂಜಿನ್ನಿನ ಸದ್ದು, ಗೇರ್ ಹಾಕುವಾಗಿನ ಹಿಡಿತ ಇಂಥವುಗಳಿಗೇ ಹಣ ಕೊಡುವವರು. ನೀವು ನೋಡಿರುವ ಕಾರಿನ ಚರಿತ್ರೆಯನ್ನೇ ತೆಗೆದುಕೊಳ್ಳಿ. 2016ರಲ್ಲಿ 718 ಬಂದಾಗ ಅದರ ಹಿಂದಿನ 981 ತಲೆಮಾರಿನ 2.7 ಲೀಟರಿನ, ಟರ್ಬೊ ಇಲ್ಲದ ಆರು ಸಿಲಿಂಡರ್ ಎಂಜಿನ್ ಹೋಗಿ ಎರಡು ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ ಬಂತು. ಶಕ್ತಿ 275 ಅಶ್ವಶಕ್ತಿಯಿಂದ 300ಕ್ಕೆ ಏರಿತು, ಕಾರು ಹಿಂದಿನದಕ್ಕಿಂತ ವೇಗವಾಯಿತು. ಆದರೂ ಆರು ಸಿಲಿಂಡರಿನ ಸದ್ದನ್ನು ಮೆಚ್ಚಿದ್ದವರು 981ರ ಕಡೆಗೇ ತಿರುಗಿದರು, ಅದರ ಬೆಲೆಗೆ ಹೊಸ ಕಾರೇ ಊರುಗೋಲಾಯಿತು. ಕಂಪನಿಗೂ ಇದು ಅರ್ಥವಾಗಿರಬೇಕು. 718ರ ಮೇಲಿನ ಮಾದರಿಗಳಲ್ಲಿ ನಾಲ್ಕು ಲೀಟರಿನ ಆರು ಸಿಲಿಂಡರ್ ಎಂಜಿನ್ನನ್ನು ಅದು ಮರಳಿ ತಂದಿತು. ಮರ್ಸಿಡಿಸ್‌ನ ಸಿ63ರಲ್ಲಿ ಎಂಟು ಸಿಲಿಂಡರಿನ ವಿ8 ಎಂಜಿನ್ ತೆಗೆದು ಎರಡು ಲೀಟರಿನ ಹೈಬ್ರಿಡ್ ಕೂರಿಸಿದಾಗಲೂ ಹಳೆಯ ವಿ8 ಕಾರುಗಳನ್ನು ಹಿಡಿದಿಟ್ಟುಕೊಂಡವರು ವಿಷಾದಪಡಬೇಕಾಗಿ ಬರಲಿಲ್ಲ.

ಆದ್ದರಿಂದ ನಿಮ್ಮ ವಿಷಯದಲ್ಲಿ ಮುಖ್ಯವಾದ ಪ್ರಶ್ನೆ, ನೀವು ನೋಡಿರುವ ಕಾರಿನಲ್ಲಿ ಯಾವ ಎಂಜಿನ್ ಇದೆ ಎಂಬುದು. 2018ರದ್ದೆಂದರೆ ನಾಲ್ಕು ಸಿಲಿಂಡರಿನದೇ. ಮುಂದಿನ ತಲೆಮಾರು ಕಂಪನಿ ಮೊದಲು ಯೋಚಿಸಿದ್ದಂತೆ ಬರೀ ವಿದ್ಯುತ್ ಕಾರಾಗಿಯೇ ಬರುವುದಾಗಿದ್ದರೆ ಪೆಟ್ರೋಲ್ ಎಂಬ ಒಂದೇ ಗುಣದಿಂದ ಎಲ್ಲ 718ಗಳಿಗೂ ಬೆಲೆ ನಿಲ್ಲುತ್ತಿತ್ತು. ಆದರೆ 2025ರ ಸೆಪ್ಟೆಂಬರ್‌ನಲ್ಲಿ ಪೋರ್ಷೆ ಕಂಪನಿಯು ಮುಂದಿನ 718ರ ಅತಿ ಮೇಲಿನ ಮಾದರಿಗಳನ್ನು ಪೆಟ್ರೋಲ್ ಎಂಜಿನ್ನಿನಲ್ಲೂ ತರುವುದಾಗಿ ಪ್ರಕಟಿಸಿತು. ಕಳೆದುಹೋಯಿತೆಂದುಕೊಂಡದ್ದು ಹೀಗೆ ಮರಳಿ ಬಂದಾಗ ಏನಾಗುತ್ತದೆ ಎಂಬುದಕ್ಕೆ ಪೋರ್ಷೆಯದೇ ಇನ್ನೊಂದು ಸ್ಪೋರ್ಟ್ಸ್ ಕಾರಾದ 911ರ ವಿಶೇಷ ಮಾದರಿ 911 ಆರ್ ಉದಾಹರಣೆಯಿದೆ. 2013ರ 911 ಜಿಟಿ3ಯಲ್ಲಿ ಮ್ಯಾನುಯಲ್ ಗೇರ್ ಇರಲಿಲ್ಲ. 2016ರಲ್ಲಿ ಮ್ಯಾನುಯಲ್ ಗೇರಿನೊಂದಿಗೆ ಕೇವಲ 991 ಸಂಖ್ಯೆಯಲ್ಲಿ ಬಂದ 911 ಆರ್ ಮೂಲ ಬೆಲೆಯ ಎಷ್ಟೋ ಪಟ್ಟಿಗೆ ಕೈಬದಲಾಯಿತು. ಮರುವರ್ಷ ಜಿಟಿ3ಗೇ ಮ್ಯಾನುಯಲ್ ಗೇರ್ ಮರಳಿದಾಗ ಆ ಹೆಚ್ಚುವರಿ ಬೆಲೆಯಲ್ಲಿ ದೊಡ್ಡ ಪಾಲು ಕರಗಿತು. ನಿಮ್ಮ ನಾಲ್ಕು ಸಿಲಿಂಡರಿನ ಕೇಮನ್‌ಗೆ ಅಂಥ ಹೆಚ್ಚುವರಿ ಬೆಲೆಯನ್ನು ಈಗ ಯಾರಾದರೂ ಕೇಳುತ್ತಿದ್ದರೆ, "ಇನ್ನು ಪೆಟ್ರೋಲ್ ಕಾರೇ ಸಿಗುವುದಿಲ್ಲ" ಎಂಬ ಅವರ ಮಾತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನಮ್ಮ ದೇಶದಲ್ಲಿ ಹಳೆಯ ಕಾರಿನ ಬೆಲೆಯನ್ನು ಹೊಸ ತಲೆಮಾರಿಗಿಂತ ಹೆಚ್ಚಾಗಿ ಅಲುಗಾಡಿಸುವುದು ತೆರಿಗೆ, ಮತ್ತು ಇದನ್ನು ಬಹಳ ಮಂದಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 2025ರ ಸೆಪ್ಟೆಂಬರ್ 22ರವರೆಗೆ ದೊಡ್ಡ ಎಂಜಿನ್ನಿನ ಕಾರುಗಳ ಮೇಲೆ ಜಿಎಸ್‌ಟಿ ಮತ್ತು ಸೆಸ್ ಸೇರಿ ಶೇಕಡಾ 50ರ ಆಸುಪಾಸಿನಲ್ಲಿದ್ದ ತೆರಿಗೆ ಅಂದಿನಿಂದ 40ಕ್ಕೆ ಇಳಿಯಿತು. ಹೊಸ ಕಾರಿನ ಬೆಲೆ ಇಳಿದರೆ ಅದರ ಪಕ್ಕದಲ್ಲಿಟ್ಟು ನೋಡುವ ಹಳೆಯ ಕಾರಿನ ಬೆಲೆಯೂ ಇಳಿಯಲೇಬೇಕು. ಆಮದು ಸುಂಕ ಮುಂದೆ ಇಳಿದರೂ ಪರಿಣಾಮ ಇದೇ. ಮಾರುವವರು ಹಳೆಯ ಬಿಲ್ಲನ್ನು ತೋರಿಸಿ ಬೆಲೆ ಹೇಳಿದರೆ, ಅದೇ ಮಟ್ಟದ ಕಾರಿನ ಈಗಿನ ಆನ್‌ರೋಡ್ ಬೆಲೆಯನ್ನು ಮುಂದಿಟ್ಟು ಮಾತನಾಡಿ.

ಇನ್ನೊಂದು ವಿಷಯ, ಕಾರಿನ ನೋಂದಣಿ. ಅದು ಪುದುಚೇರಿಯದ್ದೋ ಬೇರೆ ರಾಜ್ಯದ್ದೋ ಆಗಿದ್ದರೆ ಬೆಲೆ ತುಸು ಕಡಿಮೆ ಕಾಣುತ್ತದೆ, ಆದರೆ ಅದಕ್ಕೆ ನಿಮ್ಮ ಸಕಲೇಶಪುರದ ಕೆಎ 46 ಸಂಖ್ಯೆ ಪಡೆಯಲು ಎನ್‌ಒಸಿ ತಂದು, ಕಾರಿನ ವಯಸ್ಸಿಗೆ ತಕ್ಕ ಜೀವಿತಾವಧಿ ತೆರಿಗೆಯನ್ನು ಕರ್ನಾಟಕಕ್ಕೆ ಕಟ್ಟಬೇಕಾಗುತ್ತದೆ. ಇಂಥ ಕಾರಿಗೆ ಆ ಮೊತ್ತ ಲಕ್ಷಗಳಲ್ಲಿರುತ್ತದೆ. ಒಮ್ಮೆ ನಾನೇ ಆ ಲೆಕ್ಕವನ್ನು ಸರಿಯಾಗಿ ಮಾಡದೆ ಒಂದು ಗಾಡಿ ಕೊಂಡು, ಲಾಭವೆಂದುಕೊಂಡದ್ದನ್ನೆಲ್ಲ ಆರ್‌ಟಿಒದಲ್ಲಿ ಕಟ್ಟಿ ಬಂದಿದ್ದೇನೆ.

ಕಾಯಲೇಬೇಕೆಂದಿದ್ದರೆ ಹೊಸ ತಲೆಮಾರಿಗಾಗಿ ಕಾಯದೆ ಮಳೆಗಾಲಕ್ಕಾಗಿ ಕಾಯಿರಿ. ಕೊಯ್ಲು ಮುಗಿದು ಹಣ ಓಡಾಡುವ ಮಾರ್ಚ್, ಏಪ್ರಿಲ್‌ನಲ್ಲಿ ನಮ್ಮ ಕಡೆಯವರೆಲ್ಲ ಒಟ್ಟಿಗೆ ಕಾರು ಹುಡುಕಲು ಹೊರಡುತ್ತಾರೆ, ಅದು ಮಾರುವವರಿಗೂ ಗೊತ್ತು. ಜುಲೈನಲ್ಲಿ ಎರಡು ಬಾಗಿಲಿನ, ನೆಲಕ್ಕೆ ತಾಗುವಂತಿರುವ ಕಾರನ್ನು ಕೇಳುವವರು ಕಡಿಮೆ. ಅಷ್ಟರೊಳಗೆ ಈ ಕಾರು ಬೇರೆಯವರ ಪಾಲಾದರೂ ಚಿಂತೆಯಿಲ್ಲ. ನಾಲ್ಕು ಸಿಲಿಂಡರಿನ 718 ಇನ್ನೊಂದು ಸಿಗುತ್ತದೆ. ಅದೇ ಹಣಕ್ಕೆ ಸರ್ವಿಸ್ ದಾಖಲೆ ಪೂರ್ತಿ ಇರುವ, ಕರ್ನಾಟಕದಲ್ಲೇ ನೋಂದಣಿಯಾದ ಆರು ಸಿಲಿಂಡರಿನ 981 ಕಣ್ಣಿಗೆ ಬಿದ್ದರೆ ಮಾತ್ರ ಮಳೆಗಾಲದವರೆಗೂ ತಡೆಯಬೇಡಿ, ಅಂದೇ ಹೋಗಿ ನೋಡಿ.